ಮಾಳಿಗೆ ಮೇಲಿನ ಗೆರೆ

ಕರೆಪ್ಪನ ಬಣವೆಗೆ ಮನೆ ನಂಬರು ಸಿಕ್ಕಿತ್ತು. ಗುರುಬಸವ್ವನಿಗೆ ಸಿಕ್ಕಿರಲಿಲ್ಲ.

ಬೆಳಿಗ್ಗೆ ಜನ ಏಳುವಷ್ಟರಲ್ಲಿ ಸರ್ವೇದವರು ಚಾವಡಿಯ ಗೋಡೆಗೆ ಊರಿನ ನಕಾಶೆ ಅಂಟಿಸಿ ಹೋಗಿದ್ದರು. ಕೆಳಗಿನಹಾಳ ಬೀಳಗಿ ತಾಲೂಕಿನ ಹೊಳೆದಂಡೆಯ ಊರು. ಡ್ಯಾಮಿನ ಹಿನ್ನೀರು ಮೊದಲ ಸಲ ಬಂದಾಗ ಹೊಲಗಳನ್ನಷ್ಟೇ ತಿಂದು ನಿಂತಿತ್ತು. ಅದಕ್ಕೀಗ ಮತ್ತೆ ಹಸಿವಾಗಿದೆ, ಈ ಸಲ ಮನೆಗಳಿಗೇ ಬರುತ್ತದೆ ಎಂದು ಸುದ್ದಿ. ಊರನ್ನು ಎತ್ತಿ ನೀರು ಮುಟ್ಟದ ಎತ್ತರದ ಮಡ್ಡಿಯ ಮೇಲೆ ಇಡಬೇಕು. ಅದಕ್ಕೂ ಮೊದಲು ಊರು ಎಲ್ಲಿದೆ, ಎಷ್ಟಿದೆ ಎಂಬುದು ಕಂಪ್ಯೂಟರಿಗೆ ತಿಳಿಯಬೇಕು. ಉಪಗ್ರಹ ಆಕಾಶದಿಂದ ತೆಗೆದ ಚಿತ್ರವನ್ನು ಮುಂದಿಟ್ಟುಕೊಂಡು, ಜಮಖಂಡಿಯ ಯಾವುದೋ ಕೋಣೆಯಲ್ಲಿ ಕೂತವರು ಕಂಡ ಕಂಡ ಮನೆಗೆಲ್ಲ ಕೆಂಪು ಚೌಕ ಬರೆದಿದ್ದರು. ಒಂದು ಚೌಕಕ್ಕೆ ಒಂದು ನಂಬರು. ಒಂದು ನಂಬರಿಗೆ ಮಡ್ಡಿಯ ಮೇಲೆ ಒಂದು ಪ್ಲಾಟು.

ನಕಾಶೆ ಓದಿ ಹೇಳುವ ಕೆಲಸವನ್ನು ಮಲಕಾಜಪ್ಪ ತಾನಾಗಿಯೇ ಹೊತ್ತುಕೊಂಡಿದ್ದ. ಬಸ್ ಕಂಡಕ್ಟರಾಗಿ ನಿವೃತ್ತನಾದವನು. ಯಾರು ಎಲ್ಲಿ ಇಳಿಯಬೇಕೆಂದು ಹೇಳುವ ಚಟ ಇನ್ನೂ ಹೋಗಿರಲಿಲ್ಲ.

“ನಮ್ಮನಿ ಎಲ್ಲೈತ್ರಿ ಕಾಕಾ?” ಎಂದಳು ಗುರುಬಸವ್ವ, ಸೆರಗು ಹೊದ್ದುಕೊಂಡು ಗುಂಪಿನ ಹಿಂದೆ ನಿಂತು.

“ತಡಿಬೇ, ಮೊದಲ ಊರಾಗ ಇಳಿಯೂಣು.” ಮಲಕಾಜಪ್ಪ ಜೋಳದ ದಂಟಿನಿಂದ ನಕಾಶೆಯ ಮೇಲೆ ಬಸ್ಸು ಹೊಡೆದ. “ಇದು ಹಣಮಪ್ಪನ ಗುಡಿ. ಇಲ್ಲಿ ಎಡಕ್ಕ ಹೊಳ್ಳಿದ್ವಿ. ಇದು ಬಸಗೊಂಡಪ್ಪನ ಮನಿ. ಇದು ಕರೆಪ್ಪನ ಬಣವಿ.”

“ಬಣವೀನೂ ಬರದಾರ?”

“ಬಣವಿ ಅಂತ ಬರದಿಲ್ಲ, ಮನಿ ಅಂತ ಬರದಾರ. ಮ್ಯಾಲಿಂದ ನೋಡಾವಗ ಏನ ಗೊತ್ತಾಗಬೇಕು? ಮಗ ಹಂಗ ಚೌಕಾಗಿ ಒಟ್ಟ್ಯಾನ.”

ಕರೆಪ್ಪ ಮಗನ ಮದುವೆ ನಿಶ್ಚಯವಾದವನ ಹಾಗೆ ಎಲ್ಲರ ಮುಖ ನೋಡಿ ನಕ್ಕ. ಆಡಾಡುತ್ತ ಒಟ್ಟಿದ ಮೇವಿಗೆ ಸರಕಾರ ಪ್ಲಾಟು ಕೊಡಲಿತ್ತು.

“ಇದು ಶಿವಯೋಗೆಪ್ಪನ ಮನಿ,” ಎಂದು ದಂಟು ಒಂದು ದೊಡ್ಡ ಚೌಕದ ಮೇಲೆ ನಿಂತಿತು.

ಗುರುಬಸವ್ವ ಮುಂದೆ ಬಂದು ನೋಡಿದಳು. “ಇದರಾಗ ನಂದು ಯಾವ ಕಡಿಗೈತ್ರಿ?”

“ಒಳಗೈತಿ.”

“ಒಳಗ ಅಂದ್ರ?”

“ಇಬ್ಬರದೂ ಕೂಡಿ ಒಂದ ಮನಿ ಅಂತ ಬರದಾರ ಬೇ. ಒಂದ ನಂಬರ. ಒಂದ ಪ್ಲಾಟ.”

ಸುತ್ತ ನಿಂತವರು ಯಾರೂ ನಗಲಿಲ್ಲ. ಎಲ್ಲರೂ ಒಮ್ಮೆ ಉಗುಳು ನುಂಗಿದರು, ನಗು ಆಮೇಲೆ ಮನೆಗೆ ಹೋಗಿ ನಗಬೇಕಾದದ್ದಾಗಿತ್ತು.

ಶಿವಯೋಗೆಪ್ಪ ಮೊದಲು ಸಾವಳಗಿಯ ದುಂಡವ್ವನನ್ನು ಮದುವೆಯಾಗಿದ್ದ. ಮಕ್ಕಳಾಗಲಿಲ್ಲ ಎಂದು ಹುನ್ನೂರಿನಿಂದ ಗುರುಬಸವ್ವನನ್ನು ತಂದ. ಅವಳಿಗೂ ಆಗಲಿಲ್ಲ. ಆಗ ಕೊರತೆ ಯಾರದೆಂದು ಊರಿಗೆ ಗೊತ್ತಾಯಿತು, ಆದರೆ ಅದನ್ನು ಬಾಯಿಬಿಟ್ಟು ಆಡುವ ರಿವಾಜು ಇರಲಿಲ್ಲ. ಹೆಂಗಸರಿಬ್ಬರೂ ಒಬ್ಬರನ್ನೊಬ್ಬರು ಆಡಿಕೊಂಡರು. ಬೆಳಗಾದರೆ ಒಲೆಗೆ, ಸಂಜೆಯಾದರೆ ದೀಪಕ್ಕೆ ಜಗಳ. ಬೇಸತ್ತ ಶಿವಯೋಗೆಪ್ಪ ಒಂದು ಬೇಸಿಗೆಯಲ್ಲಿ ಸುಡದ ಹಸಿ ಇಟ್ಟಂಗಿ ತಂದು ಪಡಸಾಲೆಯ ನಡುವೆ ಗೋಡೆ ಎಬ್ಬಿಸಿಬಿಟ್ಟ. ಬುನಾದಿಯಿಲ್ಲ, ಗಿಲಾವಿಲ್ಲ. ಮುಂಬಾಗಿಲು ದುಂಡವ್ವನಿಗೆ, ದನದ ಬಾಗಿಲು ಗುರುಬಸವ್ವನಿಗೆ. ತಾನು ಒಂದು ದಿನ ಆಚೆ, ಒಂದು ದಿನ ಈಚೆ ಉಂಡು, ಕೊನೆಗೆ ಯಾವ ಕಡೆಯೂ ಅಲ್ಲದ ಆಸ್ಪತ್ರೆಯಲ್ಲಿ ಸತ್ತ. ಗೋಡೆ ಉಳಿಯಿತು.

ಅಂದಿನಿಂದ ಇಬ್ಬರ ನಡುವೆ ಮಾತಿಲ್ಲ. ಮಾತೇ ಇಲ್ಲ ಅಂದರೆ ತಪ್ಪಾದೀತು. ನಳಕ್ಕೆ ನೀರು ಬಂದರೆ ಗುರುಬಸವ್ವ ತನ್ನ ಬೆಕ್ಕಿಗೆ ಗಟ್ಟಿಯಾಗಿ ಹೇಳುತ್ತಿದ್ದಳು, “ನೀರ ಬಂದಾವು, ಬೇಕಾದವರು ತುಂಬಿಕೊಳ್ಳಲಿ.” ದುಂಡವ್ವ ತನ್ನ ಕೋಳಿಗೆ ಹೇಳುತ್ತಿದ್ದಳು, “ರೇಶನ್ ಅಂಗಡಿ ತಗದೈತಿ, ಗರಜ ಇದ್ದವರು ಹೋಗಲಿ.” ಹೆಸರು ಹಿಡಿಯುವ ಪ್ರಸಂಗ ಬಂದರೆ ಇವಳ ಬಾಯಲ್ಲಿ ಅವಳು ‘ಸಾವಳಗ್ಯಾಕಿ’, ಅವಳ ಬಾಯಲ್ಲಿ ಇವಳು ‘ಹುನ್ನೂರದಾಕಿ’. ಬೆಕ್ಕು, ಕೋಳಿ ಎರಡೂ ಸಂಸಾರದ ಸಂಗತಿಗಳಲ್ಲಿ ಬಲು ತಿಳಿದವಾಗಿದ್ದವು.

ಗುರುಬಸವ್ವನಿಗೆ ಬದುಕಿನಲ್ಲಿ ಬೇಕಾದದ್ದು ಒಂದೇ ಆಗಿತ್ತು. ತನ್ನದೊಂದು ಮನೆ. ದೊಡ್ಡದು ಬೇಡ, ಇನ್ನೊಬ್ಬರ ಕೆಮ್ಮು ಗೋಡೆಯೊಳಗಿಂದ ಬರಬಾರದು, ಅಷ್ಟೆ. ಹುನ್ನೂರಿನಿಂದ ಅಕ್ಕಿ ಒದ್ದು ಒಳಗೆ ಬಂದ ದಿನ ಅಡುಗೆಮನೆಯ ಡಬ್ಬಿಗಳೆಲ್ಲ ಮೊದಲೇ ತುಂಬಿದ್ದವು, ಗೂಟಗಳಿಗೆಲ್ಲ ಬೇರೆಯವಳ ಸೀರೆ ಇತ್ತು. ಅವಳು ಇಟ್ಟದ್ದೆಲ್ಲ ಇನ್ನೊಬ್ಬಳು ಇಟ್ಟದ್ದರ ಮೇಲೇ ಇಟ್ಟದ್ದಾಯಿತು. ಮಡ್ಡಿಯ ಮೇಲೆ ಪ್ಲಾಟಿಗೆ ಕಲ್ಲು ನೆಟ್ಟಿದ್ದಾರೆಂದು ಕೇಳಿ ಅವಳು ಒಬ್ಬಳೇ ಹೋಗಿ ನೋಡಿಬಂದಿದ್ದಳು. ನಾಲ್ಕು ಕಲ್ಲುಗಳ ನಡುವೆ ನಿಂತು, ಇಲ್ಲಿ ಬಾಗಿಲು, ಇಲ್ಲಿ ಒಲೆ ಅಂದುಕೊಂಡಿದ್ದಳು. ಗಾಳಿ ಬೀಸುತ್ತಿತ್ತು. ಸುತ್ತ ಯಾರೂ ಇರಲಿಲ್ಲ. ಅಷ್ಟು ಸಮಾಧಾನ ಅವಳಿಗೆ ಗಂಡನ ಪಕ್ಕದಲ್ಲೂ ಆಗಿರಲಿಲ್ಲ.

“ಈಗ ನಾ ಏನ ಮಾಡ್ಲಿರಿ ಕಾಕಾ?”

“ಮಧ್ಯಾಹ್ನ ಸರ್ವೇ ಬಾಯಾರು ಬರತಾರ, ಬರದದ್ದು ಖರೆ ಐತೋ ಇಲ್ಲೋ ನೋಡಾಕ. ಆದ್ರ ಅವರ ಕೈಯಾಗೇನೈತಿ? ಅವರು ಹಿಡಕೊಂಡ ಬರೂ ಮಷಿನ್ನು ಮ್ಯಾಲಿನ ಉಪಗ್ರಹನ್ನ ಕೇಳತೈತಿ. ಅದು ಹೇಳಿದ್ದ ಇದು ಬರಕೋತೈತಿ. ಅದಕ್ಕ ನಿನ್ನ ಗ್ವಾಡಿ ಕಾಣಸೂದಿಲ್ಲ. ಮಾಳಗಿ ಅಷ್ಟ ಕಾಣಸತೈತಿ.”

“ಹಂಗಾದ್ರ?”

“ಮಾಳಗಿ ಮ್ಯಾಲ ಗ್ವಾಡಿ ಕಾಣುವಂಗ ಮಾಡು. ಬೆಳ್ಳಗ ಒಂದ ಗೆರಿ ಎಳಿ. ಮುಗೀತು.”

ಈ ಮಾತನ್ನು ಅವನು ಚಿಲ್ಲರೆ ಕೊಡುವಷ್ಟು ಸಹಜವಾಗಿ ಹೇಳಿದ. ಗುರುಬಸವ್ವ ನಂಬಿದಳು. ನಂಬದೆ ಮಾಡುವುದಕ್ಕೆ ಅವಳ ಬಳಿ ಬೇರೇನೂ ಇರಲಿಲ್ಲ.

ಮನೆಯಲ್ಲಿ ಪಂಚಮಿಗೆಂದು ತಂದ ಸುಣ್ಣ ಇತ್ತು. ನಿಚ್ಚಣಿಕೆ ಇರಲಿಲ್ಲ. ಅದು ಎದುರುಮನೆಯ ತಾರವ್ವನ ಹತ್ತಿರ ಇತ್ತು. ತಾರವ್ವನ ನಿಚ್ಚಣಿಕೆ ಬೇಕಾದರೆ ತಾರವ್ವನಿಗೆ ಕಾರಣ ಹೇಳಬೇಕು, ತಾರವ್ವನಿಗೆ ಕಾರಣ ಹೇಳಿದರೆ ಊರಿಗೆ ಡಂಗುರ ಬೇಕಿರಲಿಲ್ಲ.

“ಶಾಣ್ಯಾಕಿ ಇದ್ದೀಬೇ,” ಎಂದಳು ತಾರವ್ವ ನಿಚ್ಚಣಿಕೆ ಹಿಡಿದುಕೊಂಡು. “ಹತ್ತು, ನಾ ಹಿಡಿತೀನಿ. ನಮ್ಮ ಹಿತ್ತಲದ್ದೂ ಬ್ಯಾರೆ ಮನಿ ಅಂತ ಕಾಣಸಬೇಕಂದ್ರ ಎಷ್ಟ ಅಗಲ ಎಳೀಬೇಕು?”

ಐವತ್ತು ದಾಟಿದ ಮೈ, ಕೈಯಲ್ಲಿ ಸುಣ್ಣದ ಬಕೆಟ್, ಸೊಂಟದಲ್ಲಿ ಕುರ್ಪಿ. ಗುರುಬಸವ್ವ ಮಾಳಿಗೆ ಹತ್ತಿ ನಿಂತಾಗ ಬಿಸಿಲು ಬಲಿತಿತ್ತು. ಚಪ್ಪಟೆ ಸೂರಿನ ಮಣ್ಣಿನ ಮಾಳಿಗೆ ಬಸಗೊಂಡಪ್ಪನ ಮಾಳಿಗೆಗೆ, ಅದು ಅವನ ಅಣ್ಣನ ಮಾಳಿಗೆಗೆ ಕೂಡಿಕೊಂಡು, ಓಣಿಯುದ್ದಕ್ಕೂ ಒಂದೇ ಹೊಲ ಇದ್ದಂತೆ ಕಂಡಿತು. ಆಗ ಅವಳಿಗೆ ಒಂದು ಸಂಗತಿ ಹೊಳೆಯಿತು. ಗೋಡೆ ಕೆಳಗಿದೆ. ಮೇಲೆ ನಿಂತವಳಿಗೆ ಅದು ಎಲ್ಲಿದೆಯೆಂದು ಗೊತ್ತಾಗುವ ಬಗೆ ಇಲ್ಲ. ಉಪಗ್ರಹದ ಮೇಲಿನ ಅವಳ ಸಿಟ್ಟು ಸ್ವಲ್ಪ ಇಳಿಯಿತು.

ಹೇಳುವವಳು ಒಬ್ಬಳೇ ಇದ್ದಳು. ಗುರುಬಸವ್ವ ಬೆಳಕಿಂಡಿಗೆ ಬಾಯಿ ಹಚ್ಚಿ ಬೆಕ್ಕನ್ನು ಕರೆದಳು. “ಬೆಕ್ಕವ್ವಾ, ಗ್ವಾಡಿ ಎಲ್ಲೈತಿ ಅಂತ ತಳಗಿಂದ ಯಾರರ ಬಾರಿಸಿ ತೋರಸಿದ್ರ ಪುಣ್ಯ ಬರತಿತ್ತು.”

ಕೆಳಗೆ ದುಂಡವ್ವನ ದನಿ ಕೋಳಿಯೊಂದಿಗೆ ಮಾತಾಡಿತು. “ಮಾಳಗಿ ಮ್ಯಾಲ ಯಾವುದೋ ದೊಡ್ಡ ಇಲಿ ಬಂದೈತಿ. ಕುಟ್ಟಿದ್ರ ಹೋದೀತು.”

ಒನಕೆಯ ತುದಿ ಜಂತಿಗೆ ಬಡಿಯಿತು. ದಬ್, ದಬ್. ಗುರುಬಸವ್ವ ಸದ್ದಿನ ಹಿಂದೆ ಕುರ್ಪಿ ಹಿಡಿದು ಕೂತು ಕೂತು ನಡೆದಳು. ಸುಣ್ಣ ಹರಿದು ಹೋಗಬಾರದೆಂದು ಗೇಣು ಅಗಲದ ಕಾಲುವೆ ತೋಡಿದಳು. ನಡುವೆ ಒಂದೆಡೆ ಒನಕೆ ಅವಳ ಕಡೆಗೆ ಸರಿದಂತಾಯಿತು.

“ಗ್ವಾಡಿ ಈ ಕಡಿಗೆ ಬಂದಂಗಾತು,” ಎಂದಳು ಬೆಕ್ಕಿಗೆ.

“ಗ್ವಾಡಿ ಅಲ್ಲೇ ಡೊಂಕ ಐತಿ,” ಎಂದಳು ದುಂಡವ್ವ ಕೋಳಿಗೆ. “ಕಟ್ಟಿದಾವನ ಡೊಂಕ ಇದ್ದ.”

ಇದಕ್ಕೆ ಗುರುಬಸವ್ವ ಎದುರು ಹೇಳಲಿಲ್ಲ. ಇಷ್ಟು ವರ್ಷಗಳಲ್ಲಿ ಅವರಿಬ್ಬರೂ ಒಪ್ಪಿಕೊಂಡ ಮೊದಲನೆಯ ಮಾತು ಅದು.

ಕಾಲುವೆಯಲ್ಲಿ ಸುಣ್ಣ ಸುರಿದಾಗ ಗೆರೆ ಹಾಲಿನ ಹಾಗೆ ಹೊಳೆಯಿತು. ಅದು ಓಣಿಯವರ ಕಣ್ಣಿಗೂ ಹೊಳೆಯಿತು.

ತಾರವ್ವ ತನ್ನ ಹಿತ್ತಲಿನ ತಗಡಿನ ಮೇಲೆ ಅಡ್ಡಗೆರೆ ಎಳೆದಳು. ಅದನ್ನು ನೋಡಿ ಬಸಗೊಂಡಪ್ಪ ಒಂದು ಕೊಡ ಸುಣ್ಣ ಹೊತ್ತು ಮಾಳಿಗೆ ಹತ್ತಿದ. ಅವನ ಅಣ್ಣನ ಹೆಂಡತಿ ಸುಣ್ಣ ಸಿಗದೆ ಗೋಧಿಹಿಟ್ಟು ತಂದಳು. ಬಣವೆ ಕೈಬಿಟ್ಟೀತೆಂಬ ಭಯಕ್ಕೆ ಕರೆಪ್ಪ ಅದರ ಮೇಲೆ ಬನಹಟ್ಟಿಯ ಹೊಸ ಧೋತರ ಹಾಸಿ ಕಲ್ಲಿಟ್ಟ. ದೂರದಿಂದ ನೋಡಿದರೆ ಊರಿಗೆ ಊರೇ ರಂಗೋಲಿ ಹಾಕಿಕೊಂಡು ದೇವರನ್ನು ಕಾಯುತ್ತಿದೆ ಅನ್ನಬೇಕು. ಬಸಗೊಂಡಪ್ಪ ಎಳೆಯುತ್ತ ಎಳೆಯುತ್ತ ಗುರುಬಸವ್ವನ ಮಾಳಿಗೆಯೊಳಗೆ ಒಂದು ಮಾರು ಬಂದುಬಿಟ್ಟಿದ್ದ.

“ಅಣ್ಣಾ, ಅದು ನಂದು.”

“ನಿಂದಂತ ಯಾರ ಹೇಳ್ಯಾರು? ನಕಾಶಿದಾಗ ನಿನ್ನ ಮನೀನ ಇಲ್ಲ,” ಎಂದ ಬಸಗೊಂಡಪ್ಪ.

ಅದು ನಿಜವಾದ್ದರಿಂದ ಹೆಚ್ಚು ಚುಚ್ಚಿತು. ಗುರುಬಸವ್ವ ಅವನ ಗೆರೆಯನ್ನು ಕಾಲಿನಿಂದ ಒರೆಸಿದಳು. ಅವನು ಮತ್ತೆ ಎಳೆದ. ತಾರವ್ವ ಅವಳ ಕಡೆ ಸೇರಿ ಕೆಳಗಿನಿಂದ ನೀರಿನ ಕೊಡ ಏರಿಸಿದಳು. ಗುರುಬಸವ್ವ ನೀರು ಸುರಿದು ಬಸಗೊಂಡಪ್ಪನ ಗೆರೆ ತೊಳೆದಳು. ನೀರು ಗೆರೆಯನ್ನು ಎತ್ತಿಕೊಂಡು ಇಳಿಜಾರಿಗೆ ಹರಿದು, ಅವಳೇ ತೋಡಿದ ಕಾಲುವೆಯಲ್ಲಿ ಸದ್ದಿಲ್ಲದೆ ಇಂಗಿತು. ಬಸಗೊಂಡಪ್ಪ ನೀರಿನ ಕೊಡ ಕಸಿದುಕೊಳ್ಳಲು ಹೋದಾಗ ಅವನ ಸುಣ್ಣದ ಕೊಡವೂ ಉರುಳಿತು. ಅದರ ಸುಣ್ಣ ಅರ್ಧ ಅವನ ಮೈಮೇಲೆ, ಅರ್ಧ ಕಾಲುವೆಗೆ. ತಾರವ್ವ ಇನ್ನೊಂದು ಕೊಡ ಏರಿಸಿದಳು. ಅದೂ ಅಲ್ಲಿಗೇ.

ಓಣಿಯಲ್ಲಿ ನಿಂತು ಮಲಕಾಜಪ್ಪ ಕೂಗುತ್ತಿದ್ದ, “ಉಪಗ್ರಹ ಬರೂ ಹೊತ್ತಾತು. ಎಲ್ಲಾರೂ ಇಳೀರಿ. ಇಲ್ಲಂದ್ರ ನಿಮ್ಮನ್ನೂ ಗ್ವಾಡಿ ಅಂತ ಬರಕೋತಾರ.”

ಆಗ ಕೆಳಗೆ ಒಂದು ಸದ್ದಾಯಿತು. ದೊಡ್ಡದೇನಲ್ಲ. ಹೊಟ್ಟೆ ತುಂಬಿದ ಎಮ್ಮೆ ಮಲಗುವಾಗ ಮಾಡುವ ಸದ್ದು. ಬೆಳಕಿಂಡಿಯಿಂದ ಧೂಳು ಎದ್ದು ಬಂತು.

ಮಾಳಿಗೆ ಅಲುಗಲಿಲ್ಲ. ತೊಲೆ, ಜಂತಿಗಳು ಗೋಡೆಗಿಂತ ಹಳೆಯವು, ಅವು ಗೋಡೆಯನ್ನು ಎಂದೂ ನಂಬಿರಲಿಲ್ಲ. ನೀರು ಕುಡಿದ ಹಸಿ ಇಟ್ಟಂಗಿ ಮಾತ್ರ ನಿಂತಲ್ಲೇ ಕರಗಿ ಕೂತಿತ್ತು.

ಗುರುಬಸವ್ವ ದನದ ಬಾಗಿಲಿನಿಂದ ಒಳಗೆ ಬಂದು ನಿಂತಳು. ಪಡಸಾಲೆ ಅವಳು ಮದುವೆಯಾಗಿ ಬಂದ ದಿನ ಇದ್ದಷ್ಟು ದೊಡ್ಡದಾಗಿತ್ತು. ನಡುವೆ ಮಣ್ಣಿನ ಗುಡ್ಡೆ. ಅದರಾಚೆ ದುಂಡವ್ವ ಮೂಲೆಯಲ್ಲಿ ಕೂತಿದ್ದಳು. ಅವಳ ಗಡಿಗೆ, ಡಬ್ಬಿ, ಹಾಸಿಗೆ ಎಲ್ಲ ಮೂಲೆಗೆ ಸರಿದು ಸೇರಿದ್ದವು. ಕೋಳಿ ಬುಟ್ಟಿಯ ಕೆಳಗಿತ್ತು. ಒಂದು ಚೂರು ಮಣ್ಣೂ ಯಾವುದರ ಮೇಲೂ ಬಿದ್ದಿರಲಿಲ್ಲ.

ಖಾಲಿ ಹೊರಸು ಒಂದೇ ಅಲ್ಲೇ ಉಳಿದಿತ್ತು. ಅದು ಗೋಡೆಗೆ ಒತ್ತಿ ಹಾಕಿದ್ದ ಹೊರಸು. ಈಚೆ ಗುರುಬಸವ್ವನ ಹೊರಸೂ ಗೋಡೆಗೆ ಒತ್ತಿಯೇ ಇತ್ತು. ಮಣ್ಣು ತೆಗೆದರೆ ಎರಡೂ ಜೋಡಿ ಹಾಕಿದಂತೆ ಕಾಣುತ್ತಿದ್ದವು. ಇಷ್ಟು ವರ್ಷ ಒಂದು ಇಟ್ಟಂಗಿಯ ದೂರದಲ್ಲಿ ಇಬ್ಬರೂ ಒಬ್ಬರ ಬೆನ್ನಿಗೆ ಇನ್ನೊಬ್ಬರು ಬೆನ್ನು ಹಚ್ಚಿ ಮಲಗಿದ್ದರು. ಗುರುಬಸವ್ವ ಅದನ್ನು ಹೆಚ್ಚು ಹೊತ್ತು ನೋಡಲಾರದೆ ಮುಖ ತಿರುಗಿಸಿದಳು.

ಸರ್ವೇ ಬಾಯಾರು ಬಂದದ್ದು ಅಷ್ಟರಲ್ಲೇ. ಪ್ರತಿಮಾ ಎಂದು ಹೆಸರು, ಜಮಖಂಡಿಯ ಹುಡುಗಿ. ತಲೆಗೆ ಟೊಪ್ಪಿಗೆ, ಕೊರಳಲ್ಲಿ ಕೈಯಷ್ಟಗಲದ ಯಂತ್ರ. ಓಣಿ ದಾಟಿ ಬರುವಷ್ಟರಲ್ಲಿ ಬಿಳಿ ಬಿಳಿ ಮಾಳಿಗೆಗಳನ್ನೂ ಧೋತರ ಹೊದ್ದ ಬಣವೆಯನ್ನೂ ನೋಡಿ ಅವಳಿಗೆ ಸಾಕಾಗಿತ್ತು.

“ಉಪಗ್ರಹ ಇವತ್ತ ಫೋಟೋ ತಗಿಯೂದಿಲ್ಲರಿ,” ಎಂದಳು ಎಲ್ಲರಿಗೂ ಕೇಳುವಂತೆ. “ಆ ಚಿತ್ರ ಯಾವಾಗ ತಗದದ್ದೋ ಏನೋ. ನಾವು ಅದರ ಮ್ಯಾಲ ನೀರಿಂದ ಒಂದು ಪದರ ಹಾಕತೀವಿ, ಮನೀದು ಒಂದು ಪದರ ಹಾಕತೀವಿ, ಬಾವೀದು ಒಂದು. ಎಲ್ಲಾ ಒಂದರ ಮ್ಯಾಲೊಂದು ಇಟ್ಟ ನೋಡಿದ್ರ ಯಾರ ಮನಿಗೆ ನೀರ ಬರತೈತಿ ತಿಳೀತೈತಿ. ಮ್ಯಾಲಿಂದ ತಿಳೀದೇ ಇರೂದನ್ನ ನೋಡಾಕಂತ ನನ್ನ ಕಳಸ್ಯಾರ. ಮಷಿನ್ನು ಉಪಗ್ರಹನ್ನ ಕೇಳೂದು ನಾ ಎಲ್ಲಿ ನಿಂತೀನಿ ಅನ್ನೂದಷ್ಟ.”

ಎಲ್ಲರೂ ಮಲಕಾಜಪ್ಪನ ಕಡೆ ನೋಡಿದರು. ಅವನು ಯಾವುದೋ ಬಸ್ಸು ಬಂದವನ ಹಾಗೆ ದೂರ ನೋಡಿದ.

“ಹಂಗಾದ್ರ ಗ್ವಾಡಿ ಇದ್ದಿದ್ರ ಸಾಕಿತ್ತೇನ್ರಿ?” ಎಂದಳು ಗುರುಬಸವ್ವ.

“ನಡುವ ಗ್ವಾಡಿ ಇತ್ತಂದ್ರ ನಾನ ಇಲ್ಲೇ ನಿಂತು ಎರಡು ಮಾಡತಿದ್ನಿ. ಅದಕ್ಕ ಬಂದದ್ದು.”

“ಇತ್ತರಿ. ಈಗ ಇತ್ತು. ಕೇಳ್ರಿ ಯಾರಿಗೆ ಬೇಕಾದ್ರೂ.”

ಪ್ರತಿಮಾ ಬಸಗೊಂಡಪ್ಪನನ್ನು ಕೇಳಿದಳು. ಹುಬ್ಬು ಮೀಸೆಯೆಲ್ಲ ಸುಣ್ಣವಾಗಿ ಅವನು ಅರ್ಧ ಬಳಿದ ಗುಡಿಯ ಹಾಗಿದ್ದ. “ಗ್ವಾಡಿ? ಮಂದಿ ಮನಿ ಒಳಗ ನಾ ಯಾಕ ನೋಡ್ಲಿರಿ. ಮಾಳಗಿ ಮ್ಯಾಲ ಈಕಿ ಗೆರಿ ಎಳದದ್ದು ನೋಡೀನಿ,” ಎಂದು ಹೇಳಿ ಹೋದ. ಗೋಧಿಹಿಟ್ಟು ಕಳೆದುಕೊಂಡವಳು ಬಾಯಿ ಬಿಡಲಿಲ್ಲ. ತಾರವ್ವ, “ಇತ್ತರಿ, ಇತ್ತು. ನಮ್ಮ ಹಿತ್ತಲದ್ದೂ ಒಂದೀಟ ನೋಡ್ರಿ,” ಎಂದಳು. ಅದರಿಂದ ಅವಳ ಸಾಕ್ಷಿಯ ತೂಕ ಇಳಿಯಿತು.

ಪ್ರತಿಮಾ ಒಳಗೆ ಬಂದು ಮಣ್ಣಿನ ಗುಡ್ಡೆ ನೋಡಿದಳು. ಎರಡು ಒಲೆ, ಎರಡು ಬಾಗಿಲು ನೋಡಿದಳು. ಹೆಣ್ಣುಮಗಳು, ತಿಳಿದುಕೊಂಡಳು.

“ದೊಡ್ಡವ್ವಾರ, ನಾ ನಂಬತೀನಿ. ಎರಡು ಒಲಿ ಉರದದ್ದು ಕಾಣಸತೈತಿ. ನೀವಿಬ್ಬರೂ ಎರಡು ಮನಿ ಅಂತ ಹೇಳ್ರಿ, ನಾ ನಡುವ ಗೆರಿ ಹಾಕತೀನಿ. ಆತಿಲ್ಲ?”

“ಎರಡು,” ಎಂದಳು ಗುರುಬಸವ್ವ, ಪ್ರಶ್ನೆ ಮುಗಿಯುವ ಮೊದಲೇ.

ದುಂಡವ್ವ ಮೂಲೆಯಿಂದ ಮೆಲ್ಲಗೆ ಎದ್ದಳು. “ಒಂದ.”

“ಅಮ್ಮಾ?”

“ಒಂದ ಮನಿ. ಹ್ವಾದ ವರ್ಷ ಸರ್ವೇದ ಇಬ್ಬರು ಹುಡುಗೂರು ಕೇಳಾಕ ಬಂದಿದ್ರು, ಮ್ಯಾಲಿಂದ ಒಂದ ಕಾಣಸತೈತಿ, ಖರೆ ಏನಂತ. ಅವರಿಗೂ ನಾನ ಹೇಳೀನಿ ಒಂದ ಅಂತ. ಹುನ್ನೂರದಾಕಿ ಅವತ್ತ ಸಂತಿಗೆ ಹೋಗಿದ್ಲು.”

ಉಪಗ್ರಹ ತಪ್ಪು ಮಾಡಿರಲಿಲ್ಲ. ಕಂಪ್ಯೂಟರೂ ಮಾಡಿರಲಿಲ್ಲ. ಬೆಳಗಿನಿಂದ ಆಕಾಶದ ಜೊತೆ ಜಗಳವಾಡಿದ ಗುರುಬಸವ್ವನಿಗೆ, ಜಗಳ ಆಡಬೇಕಾದವಳು ಕೈಯಳತೆಯಲ್ಲಿ ಕೂತಿದ್ದದ್ದು ಈಗ ತಿಳಿಯಿತು. ಬೆಕ್ಕನ್ನು ಹುಡುಕದೆ ಅವಳು ನೇರವಾಗಿ ಕೇಳಿದಳು.

“ಗ್ವಾಡಿ ತೊಯ್ಯಾಕತ್ತಿದ್ದು ನೋಡಿದಿ?”

“ನೋಡಿದ್ನಿ. ಮೊದಲ ಒಂದ ಹನಿ ಬಂತು, ಆಮ್ಯಾಲ ಎಳಿ ಎಳಿ ಇಳೀತು. ಡಬ್ಬಿ ಸರಿಸಿಕೊಂಡ ಕುಂತಿನಿ.”

“ಒಂದ ಮಾತ ಕೂಗಲಿಲ್ಲ.”

“ಕೂಗಿದ್ರ ನೀ ನೀರ ನಿಲ್ಲಸತಿದ್ದಿ.”

“ಯಾಕ? ನನ್ನ ಮ್ಯಾಲ ಅಷ್ಟ್ಯಾಕ ನಿಂಗ?”

ದುಂಡವ್ವ ಬಾಗಿಲ ಕಡೆ ನೋಡಿದಳು. ಹೊರಗೆ ಬಾಗಿಲಲ್ಲಿ ತಾರವ್ವ ನಿಂತಿದ್ದಳು, ಅವಳ ಹಿಂದೆ ಓಣಿ ನಿಂತಿತ್ತು.

“ನಾನೂ ಮಡ್ಡಿಗೆ ಹೋಗಿ ನೋಡೀನಿ,” ಎಂದಳು. “ಪ್ಲಾಟ್ ದೂರ ದೂರ ಅದಾವು. ಒಂದಕ್ಕೊಂದು ಗ್ವಾಡಿ ಹತ್ತೂದಿಲ್ಲ. ಇಲ್ಲಿ ನಾ ಕೆಮ್ಮಿದ್ರ ನೀ ಆ ಕಡಿ ಬೈತಿದ್ದಿ, ಈ ಮುದುಕಿ ಸಾಯವಲ್ಲದು ಅಂತ. ಬೈದದ್ದು ಕೇಳಿದ್ರ ಇನ್ನೂ ಅದೀನಿ ಅಂತ ಗೊತ್ತಾಗತಿತ್ತು. ಅಲ್ಲಿ ಯಾರು ಬೈಬೇಕು?”

ಪ್ರತಿಮಾ ಯಂತ್ರದ ಮುಖ ಒರೆಸುತ್ತ ನಿಂತಳು.

“ನಂಗ ನಂದೊಂದು ಮನಿ ಬೇಕಿತ್ತು,” ಎಂದಳು ಗುರುಬಸವ್ವ. ಸಿಟ್ಟಿನಿಂದ ಹೇಳಬೇಕೆಂದು ತೆಗೆದ ಮಾತು ಹೊರಬರುವಾಗ ಬೇಡಿದಂತೆ ಆಯಿತು.

“ಹಂಗಾದ್ರ ನಿನ್ನ ಹೆಸರ ಹಚ್ಚಸು. ಯಜಮಾನಿ ಅಂತ ನಿನ್ನ ಬರಸು. ಮನಿ ನಿಂದ ಆಗಲಿ, ನಾ ಒಂದ ಮೂಲ್ಯಾಗ ಇರತೀನಿ.”

ಇದನ್ನು ಗುರುಬಸವ್ವ ನಿರೀಕ್ಷಿಸಿರಲಿಲ್ಲ. ಜಗಳಕ್ಕೆ ತಯಾರಾಗಿ ಬಿಗಿಹಿಡಿದ ಕೈಯಲ್ಲಿ ಯಾರೋ ತಾಟು ಇಟ್ಟಂತಾಯಿತು. ಹೌದೆನ್ನಲು ಬಾಯಿ ಬರಲಿಲ್ಲ, ಅಲ್ಲವೆನ್ನಲೂ ಬರಲಿಲ್ಲ. ಪ್ರತಿಮಾ ಆ ಮೌನವನ್ನು ಒಪ್ಪಿಗೆಯೆಂದು ತಿಳಿದು ಬೆರಳಾಡಿಸಿದಳು. ಸಂಜೆಯೊಳಗೆ ಇನ್ನೂ ಎರಡು ಓಣಿ ಉಳಿದಿದ್ದವು.

“ಯಜಮಾನಿ ಗುರುಬಸವ್ವ,” ಎಂದು ಓದಿದಳು. “ಇನ್ನ ದುಂಡವ್ವಾರದು. ಯಜಮಾನಿಗೆ ಇವರು ಏನಾಗಬೇಕ್ರಿ?”

ಗುರುಬಸವ್ವ ದುಂಡವ್ವನ ಕಡೆ ನೋಡಿದಳು, ದುಂಡವ್ವ ಕೋಳಿಯ ಬುಟ್ಟಿಯ ಕಡೆ.

“ಏನರ ಒಂದು ಆಗಬೇಕ್ರಿ. ಇಲ್ಲಂದ್ರ ಮಷಿನ್ನು ಮುಂದ ಹೋಗೂದಿಲ್ಲ.”

“ಸವತಿ ಅಂತ ಇಲ್ಲೇನ್ರಿ ಅದರಾಗ?” ಎಂದಳು ತಾರವ್ವ ಬಾಗಿಲಿನಿಂದ.

“ಇಲ್ಲರಿ. ಮಾಡಿದವರಿಗೆ ಅದು ನೆನಪಾಗಿಲ್ಲ. ತಾಯಿ ಐತಿ, ಮಗಳು ಐತಿ, ಅಕ್ಕ-ತಂಗಿ ಐತಿ, ಅತ್ತಿ, ಸೊಸಿ, ಬಾಡಗಿಯವರು.”

“ಬಾಡಗಿ ಅಂತ ಬರೀರಿ,” ಎಂದ ಮಲಕಾಜಪ್ಪ. ಯಾರೂ ಅವನ ಕಡೆ ನೋಡಲಿಲ್ಲ.

ಗುರುಬಸವ್ವ ನೆಲ ನೋಡುತ್ತ, ಹಲ್ಲು ಕೀಳಿಸಿಕೊಳ್ಳುವವಳ ಹಾಗೆ ಹೇಳಿದಳು, “ಅಕ್ಕ ಅಂತ ಬರೀರಿ.”

“ಬ್ಯಾಡ,” ಎಂದಳು ದುಂಡವ್ವ. “ಅಕ್ಕಾ ಅಂತ ಮದಿವಿ ಮರುದಿನ ಕರದಿದ್ಲು. ಆಮ್ಯಾಲ ಏನಾತು ಊರಿಗೇ ಗೊತ್ತೈತಿ. ಅಕ್ಕನ ಮಾತು ಯಾವ ತಂಗಿ ಕೇಳತಾಳ? ಅತ್ತಿ ಅಂತ ಬರಿಯವ್ವಾ.”

“ಅತ್ತಿ?”

“ಹೂಂ. ಅತ್ತಿ ಅಂದ್ರ ಮೂಲ್ಯಾಗ ಕುಂತ್ರೂ ಒಂದ ಮಾತ ಆಡೂ ಹಕ್ಕ ಇರತೈತಿ.”

ಓಣಿ ಬೆಳಗಿನಿಂದ ನುಂಗಿಕೊಂಡಿದ್ದ ನಗುವನ್ನು ಒಮ್ಮೆಲೇ ಬಿಟ್ಟಿತು. ಪ್ರತಿಮಾಳೂ ನಕ್ಕಳು. ನಗುತ್ತ ಬೆರಳು ಒತ್ತಿದಳೋ, ಒತ್ತಿ ನಕ್ಕಳೋ, ಯಂತ್ರ ಕೀಚ್ ಎಂದಿತು.

“ಬಾಯಾರ, ಅದನ್ನ ಅಳಸ್ರಿ,” ಎಂದಳು ಗುರುಬಸವ್ವ.

“ಒಳಗ ಹೋತ್ರಿ ದೊಡ್ಡವ್ವಾ. ಇಲ್ಲಿಂದ ತಿದ್ದಾಕ ಬರೂದಿಲ್ಲ. ಮಡ್ಡಿ ಮ್ಯಾಲ ಎಲ್ಲಾರೂ ಹೋಗಿ ಕುಂತಮ್ಯಾಲ ಮತ್ತ ಒಂದು ಸರ್ವೇ ಆಗತೈತಿ. ಅವಾಗ ಹೇಳ್ರಿ.” ಅವಳು ಗುರುಬಸವ್ವನ ತೋಳು ಮುಟ್ಟಿ, ಬಣವೆಯ ಕಡೆ ಹೋದಳು. ಓಣಿ ಅವಳ ಹಿಂದೆ ಹೋಯಿತು, ಏಕೆಂದರೆ ಕರೆಪ್ಪ ಆಗಲೇ ಬಣವೆಗೆ ಬಾಗಿಲು ನಿಲ್ಲಿಸುತ್ತಿದ್ದ.

ಮನೆ ಖಾಲಿಯಾಯಿತು. ಗುರುಬಸವ್ವ ಬುಟ್ಟಿ ತಂದು ಮಣ್ಣು ತುಂಬತೊಡಗಿದಳು. ಮಣ್ಣು ಇನ್ನೂ ಹಸಿಯಾಗಿತ್ತು. ಒಂದೊಂದು ಇಟ್ಟಂಗಿ ಇಡಿಯಾಗಿಯೇ ಸಿಕ್ಕಿತು. ಸಿಕ್ಕದ್ದನ್ನು ಅವಳು ಬೇರೆಯಾಗಿ ಒಂದರ ಮೇಲೊಂದು ಇಟ್ಟಳು, ಮತ್ತೆ ಕಟ್ಟಲಿಕ್ಕೆ ಬಂದೀತೇನೋ ಎಂದು. ಮೂರು ನಾಲ್ಕು ಇಟ್ಟಮೇಲೆ ಕೈ ನಿಂತಿತು. ಮಡ್ಡಿಯ ಮೇಲೆ ಬೀಸುತ್ತಿದ್ದ ಗಾಳಿ ನೆನಪಾಯಿತು. ಆ ನಾಲ್ಕು ಕಲ್ಲುಗಳ ನಡುವೆ ಇಲ್ಲಿ ಬಾಗಿಲು, ಇಲ್ಲಿ ಒಲೆ ಅಂದುಕೊಂಡು ನಿಂತಿದ್ದವಳು ತಾನೇ ಆದರೂ, ಅವಳನ್ನು ಅಲ್ಲಿಯೇ ಬಿಟ್ಟು ಬಂದಂತಾಗಿತ್ತು. ಅಳಬೇಕೆಂದರೆ ಹೊರಳಿ ಕೂರಲು ಈಗ ಮನೆಯಲ್ಲಿ ಮರೆಯಿರಲಿಲ್ಲ.

ಅವಳು ಎದ್ದು ಒಲೆ ಹಚ್ಚಿ, ಚಹಾಕ್ಕೆ ನೀರಿಟ್ಟಳು.

ದುಂಡವ್ವ ಮಣ್ಣಿನ ಗುಡ್ಡೆಯನ್ನು ಒಂದು ಕೈಯೂರಿ ದಾಟಿ, ಈಚೆ ಬಂದು, ಒಲೆಯ ಪಕ್ಕ ಉಸ್ಸೆಂದು ಕೂತಳು. ಪಾತ್ರೆಯೊಳಗೆ ಬಗ್ಗಿ ನೋಡಿದಳು.

“ಇಬ್ಬರಿಗೆ ಇಷ್ಟ್ಯಾಕ ನೀರ ಸುರದೀ ಸೊಸಿ? ಪಾನಕ ಮಾಡತಿಯೇನು?”

ನಕಾಶೆಯಲ್ಲಿ ಆ ದಿನವಷ್ಟೇ ಮನೆಯ ಯಜಮಾನಿಯಾದವಳು ಪಾತ್ರೆ ಎತ್ತಿ, ಅತ್ತೆ ಹೆಚ್ಚಾಯಿತೆಂದ ನೀರು ಚೆಲ್ಲಿ, ಮತ್ತೆ ಒಲೆಯ ಮೇಲೆ ಇಟ್ಟಳು.